ಕೂಡಿಕೊಳ್ಳದ ಎಲುಬು

"ಬೇವರ್ಸಿ, ಕುಂಟುವ ನಾಟಕ ಮಾಡ್ತೀಯಾ? ಬಾಂಡ್ಲಿ ಎತ್ತು."

ಫೋರ್‌ಮನ್ ಪೂವಪ್ಪ ದೂಡಿದ್ದೇ ಕೊಗ್ಗ ಮರಳ ರಾಶಿಯ ಮೇಲೆ ಬಿದ್ದ. ಬಲಗಾಲಲ್ಲಿ ಉರಿ ಎದ್ದು ಕಣ್ಣು ಕತ್ತಲಿಟ್ಟಿತು. ಉಳಿದವರು ಕಾಣದವರಂತೆ ದಾಟಿಹೋದರು.

ಕೊಲ್ಲಿ ದೇಶದ ಅಲ್ ಮಬೇಲಾದಲ್ಲಿ, ವೀಸಾ ಕೊಟ್ಟು ಕರೆಸಿಕೊಂಡ ಅರಬ ಧಣಿ ಕಫೀಲನ ಹೊಸ ವಿಲ್ಲಾ ಏಳುತ್ತಿತ್ತು. ಐದು ತಿಂಗಳ ಹಿಂದೆ ಅಲ್ಲೇ ಅಟ್ಟಣಿಗೆಯ ಹಲಗೆ ಜಾರಿ ಕೊಗ್ಗ ಬಿದ್ದಾಗ ಮೊಣಕಾಲ ಕೆಳಗಿನ ಎಲುಬು ಎರಡು ತುಂಡಾಗಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ, ಮೂರು ತಿಂಗಳು ಕಾಲು ಊರಬಾರದೆಂದು ಹೇಳಿ ಕಳಿಸಿದ್ದರು. ಇಪ್ಪತ್ತನೆಯ ದಿನವೇ ಪೂವಪ್ಪ ಕಬ್ಬಿಣ ಕೊಯ್ಯುವ ಗರಗಸ ಹಿಡಿದು ಕೆಲಸಗಾರರ ಕ್ಯಾಂಪಿಗೆ ಬಂದ. ಇಬ್ಬರು ತೋಳು ಅದುಮಿ ಹಿಡಿದರು. ಪ್ಲಾಸ್ಟರಿನ ಜೊತೆ ಚರ್ಮವೂ ಕೊಯ್ದುಹೋಯಿತು. ಮರುದಿನದಿಂದ ಮತ್ತೆ ಸಿಮೆಂಟು ಹೊರುವ ಕೆಲಸ.

ಎಲುಬು ಕೂಡಿಕೊಳ್ಳಲಿಲ್ಲ. ಕಾಲು ಊರಿದಾಗಲೆಲ್ಲ ಒಳಗೆ ತುಂಡಿಗೆ ತುಂಡು ಉಜ್ಜುವುದು ಅವನಿಗೆ ತಿಳಿಯುತ್ತಿತ್ತು. ಕಳೆದ ವಾರ ಜೊತೆಗಾರ ಸಲಾಂ ಅವನನ್ನು ಬೆನ್ನ ಮೇಲೆ ಹೊತ್ತೇ ಆಸ್ಪತ್ರೆಗೆ ಒಯ್ದ. ಎಕ್ಸ್‌ರೇ ನೋಡಿದ ಡಾಕ್ಟರು, ಆಪರೇಷನ್ ಮಾಡಿ ಒಳಗೆ ರಾಡ್ ಹಾಕದಿದ್ದರೆ ಇದು ಇನ್ನು ಕೂಡುವುದಿಲ್ಲ, ಕೆಲಸದಲ್ಲಿ ಬಿದ್ದದ್ದೆಂದು ಕಂಪೆನಿಯಿಂದ ಕಾಗದ ತನ್ನಿ ಎಂದರು.

ಕೊಗ್ಗ ಬೇಡಿದ ಕಾಗದ ಬರಲಿಲ್ಲ. ಮರಳ ರಾಶಿಗೆ ದೂಡಿದ ದಿನವೇ ಸಂಜೆ ಪೂವಪ್ಪ ಬೇರೊಂದು ಕಾಗದ ತಂದು, ಹೆಬ್ಬೆಟ್ಟು ಒತ್ತಿ ಊರಿಗೆ ಹೋಗು ಎಂದ. ಸಲಾಂ ಇಂಗ್ಲಿಷನ್ನು ಕಷ್ಟಪಟ್ಟು ಓದಿದ. ಕೊಗ್ಗ ಕುಡಿದು ಬಚ್ಚಲಲ್ಲಿ ಬಿದ್ದಿದ್ದನಂತೆ, ಎಲುಬು ಪೂರ್ತಿ ವಾಸಿಯಾಗಿದೆಯಂತೆ.

ಊರಲ್ಲಿ ಕೊಗ್ಗನಿಗೆ ಗೊತ್ತಿದ್ದದ್ದು ಬಾವಿ ತೋಡುವ ಕೆಲಸವೊಂದೇ. ಈ ಕಾಲಿನವನನ್ನು ಬಾವಿಗೆ ಇಳಿಸುವವರಾರು? ಹೆಂಡತಿ ಸುಂದರಿ ಅವನನ್ನು ಎಷ್ಟು ದಿನ ಎತ್ತಿ ಕೂರಿಸಿಯಾಳು?

"ನಾನು ಒತ್ತೂದಿಲ್ಲ ಪೂವಪ್ಪಣ್ಣ. ಕಾಲು ಸರಿ ಮಾಡಿಸಿ ಕೊಡಿ, ಮತ್ತೆ ಎಲ್ಲಿಗೆ ಬೇಕಾದ್ರೂ ಕಳ್ಸಿ."

"ಊರಲ್ಲಿ ನಮ್ಮ ಅಂಗಳಕ್ಕೆ ಕಾಲಿಡ್ಲಿಕ್ಕಿಲ್ಲದ ಜಾತಿ, ಇಲ್ಲಿ ನನಗೇ ಎದುರು ಮಾತಾಡ್ತೀಯಾ, ರಂಡೆಮಗನೇ? ಪಾಸ್‌ಪೋರ್ಟು ಕಫೀಲನ ಕೈಲುಂಟು. ನಾಳೆ ಪೋಲೀಸರು ಬಂದು ಒತ್ತಿಸ್ತಾರೆ. ಖಲಾಸ್."

ಮರುದಿನ ಬೆಳಿಗ್ಗೆ ತಾರಸಿಗೆ ಕಾಂಕ್ರೀಟು ಹಾಕಬೇಕಿತ್ತು. ಮಿಕ್ಸರ್ ಸದ್ದು ಶುರುವಾದದ್ದೇ ಕೊಗ್ಗ ಅಂಗೈ ಊರಿ, ಕುಂಡೆ ಎಳೆದುಕೊಂಡು, ಹಲಗೆಯ ಇಳಿಜಾರು ಹತ್ತಿದ. ತಾರಸಿಯ ನಟ್ಟನಡುವೆ, ಹೆಣೆದ ಸರಳುಗಳ ಮೇಲೆ ಕಾಲು ನೀಡಿ ಕೂತುಬಿಟ್ಟ.

ಪೂವಪ್ಪ ಓಡಿಬಂದು ಬೈದ, ಕೂದಲು ಹಿಡಿದು ಜಗ್ಗಿದ. ಕೊಗ್ಗ ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡ.

"ಆಸ್ಪತ್ರೆಗೆ ಕಾಗದ ಕೊಡು. ಇಲ್ಲದಿದ್ರೆ ನನ್ನ ಮೇಲೇ ಹೊಯ್ಯಿ."

ಕಾಂಕ್ರೀಟು ಹೊರುವವರ ಸಾಲಿನ ಮುಂದೆ ಸಲಾಂ ತುಂಬಿದ ಬಾಂಡ್ಲಿ ಹೊತ್ತು ನಿಂತಿದ್ದ. ಪೂವಪ್ಪ ಅವನತ್ತ ತಿರುಗಿ ಹೊಯ್ಯೋ ಎಂದು ಅರಚಿದ. ಸಲಾಂ ಬಾಂಡ್ಲಿಯನ್ನು ಮೆಲ್ಲಗೆ ಇಳಿಸಿ ಹಲಗೆಯ ಮೇಲಿಟ್ಟ. ಅವನ ಹಿಂದಿನವನೂ ಇಳಿಸಿದ. ಅವನ ಹಿಂದಿನವನು ಇಳಿಸಲೋ ಬೇಡವೋ ಎಂದು ಹೊತ್ತುಕೊಂಡೇ ನಿಂತ.

ರಸ್ತೆಯ ತಿರುವಿನಲ್ಲಿ ಧೂಳೆದ್ದಿತು. ಕಫೀಲನ ಕಾರು, ಅದರ ಹಿಂದೆ ಪೋಲೀಸ್ ಜೀಪು. ಕೊಗ್ಗ ಸರಳು ಬಿಡಲಿಲ್ಲ.