ಎರಡನೇ ಬೇಸಿನಲ್ಲಿ ಮಣ್ಣಾಗದ ಅಂಗಿ

ವೆಂಡೆಲ್ ಹಾರ್ಕ್‌ನೆಸ್‌ನ ಅಂಗಿಗೆ ಮಣ್ಣು ಮೆತ್ತಿದ್ದನ್ನು ಲೊಯಿ ಜೆಲಿನೆಕ್ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಸೀಡರ್ ಫೋರ್ಕ್ ಊರಿನ ಮಿಲ್ಲರ್ಸ್ ಬೇಸ್‌ಬಾಲ್ ತಂಡದಲ್ಲಿ, ರನ್ನಿಗೆ ಓಡುವವನು ಮುಟ್ಟಿ ಹೋಗಬೇಕಾದ ಎರಡನೇ ಬೇಸ್ ಕಾಯುವವನು ಈ ವೆಂಡೆಲ್. ಆ ಜಾಗವೆಂದರೆ ಮಣ್ಣಿನಲ್ಲಿ ಹೊರಳಾಡುವ ಜಾಗ. ಚೆಂಡು ಎಡಕ್ಕೆ ಸಿಡಿಯುತ್ತದೆ, ಬಲಕ್ಕೆ ಸಿಡಿಯುತ್ತದೆ, ನೆಲ ಕಚ್ಚಿಕೊಂಡು ಬಂದು ಕೊನೆಯ ಗಳಿಗೆಯಲ್ಲಿ ಮೂಗಿಗೆ ನೆಗೆಯುತ್ತದೆ. ಎದುರು ತಂಡದವನು ಮೊಳೆ ಬೂಟು ಮುಂದೆ ಚಾಚಿ ನೇರವಾಗಿ ಮೊಣಕಾಲಿಗೇ ಜಾರಿಕೊಂಡು ಬರುತ್ತಾನೆ. ಇಷ್ಟರ ನಡುವೆ ನಿಂತು ಆಡಿದವನನ್ನು ಹೆಂಡತಿಯಾದವಳು ಹಿತ್ತಲ ಬಾಗಿಲಿನಿಂದಲೇ ಒಳಗೆ ಬಿಟ್ಟುಕೊಳ್ಳಬೇಕು. ವೆಂಡೆಲ್‌ನ ಹೆಂಡತಿಗೆ ಆ ಕಷ್ಟವೇ ಇರಲಿಲ್ಲ. ಅವನು ಮದುವೆಗೆ ಹೊರಟವನ ಹಾಗೆ ಮೈದಾನಕ್ಕೆ ಬರುತ್ತಿದ್ದ, ಊಟ ಮುಗಿಸಿದ ಬೀಗರ ಹಾಗೆ ಹಿಂದಿರುಗುತ್ತಿದ್ದ.

ಇಂಥವನು 1961ರ ಆ ಸೆಪ್ಟೆಂಬರ್ ತಿಂಗಳಲ್ಲಿ ಪ್ಲಾಟ್ ಕಣಿವೆ ಲೀಗಿನ ಇತಿಹಾಸಕ್ಕೆ ಸೇರಲು ಹೊರಟಿದ್ದ. ಎರಡನೇ ಬೇಸಿನಲ್ಲಿ ಆಡಿದ ಎಲ್ಲರ ಪೈಕಿ, ಇಡೀ ಆಟದ ಬದುಕಿನ ಲೆಕ್ಕ ತೆಗೆದರೆ, ಅತಿ ಕಡಿಮೆ ತಪ್ಪು ಮಾಡಿದವನು ಎಂಬ ದಾಖಲೆ. ಹಳೆಯ ದಾಖಲೆ ಸಾವಿರ ಚೆಂಡಿಗೆ ಒಂಬೈನೂರ ಎಂಬತ್ತನಾಲ್ಕನ್ನು ಸರಿಯಾಗಿ ಆಡಿದ್ದು. ವರ್ಷದ ಕೊನೆಯ ಪಂದ್ಯವನ್ನು ತಪ್ಪಿಲ್ಲದೆ ಮುಗಿಸಿದರೆ ವೆಂಡೆಲ್ ಅದನ್ನು ಕೂದಲೆಳೆಯಷ್ಟು ದಾಟುತ್ತಿದ್ದ. ಒಂದೇ ಒಂದು ತಪ್ಪು ಬಿದ್ದರೂ ದಾಟುತ್ತಿರಲಿಲ್ಲ. ಮುಂದಿನ ವರ್ಷ ಅವನು ಆಡುವುದೂ ಇಲ್ಲ, ಮಾವನ ಟ್ರ್ಯಾಕ್ಟರ್ ಅಂಗಡಿ ಕಾಯುತ್ತಿತ್ತು.

ಒಂದು ಚೆಂಡು ಜಾರಿದಾಗ ಅದು ಹೊಡೆದವನ ಹೆಚ್ಚುಗಾರಿಕೆಯೋ ಹಿಡಿಯಬೇಕಾದವನ ತಪ್ಪೋ ಎಂದು ತೀರ್ಪು ಹೇಳುವವನು ಸ್ಕೋರರ್. ಸೀಡರ್ ಫೋರ್ಕಿನಲ್ಲಿ ಹನ್ನೊಂದು ವರ್ಷದಿಂದ ಆ ಕೆಲಸ ಲೊಯಿಯದು. ಪ್ರೇಕ್ಷಕರ ತಲೆಯ ಮೇಲೆ ಮರದ ಹಲಗೆಯ ಒಂದು ಗೂಡು, ಅದರಲ್ಲಿ ಒಂದು ಮೇಜು, ಮೇಜಿನ ಮೇಲೆ ಎರಡು ಸ್ವಿಚ್ಚು. ಒಂದನ್ನು ಒತ್ತಿದರೆ ಎದುರಿನ ದೊಡ್ಡ ಫಲಕದಲ್ಲಿ ‘ಹಿಟ್’ ದೀಪ, ಇನ್ನೊಂದನ್ನು ಒತ್ತಿದರೆ ‘ಎರರ್’ ದೀಪ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಪೆನ್ಸಿಲ್ ಚೂಪು ಮಾಡಿಟ್ಟುಕೊಂಡು ಅವನು ಅಲ್ಲಿ ಕೂರುತ್ತಿದ್ದ. ಈ ಹನ್ನೊಂದು ವರ್ಷದಲ್ಲಿ ಅವನ ಒಂದು ತೀರ್ಪನ್ನೂ ಲೀಗಿನ ಕಚೇರಿ ತಿದ್ದಿರಲಿಲ್ಲ. ಹಾಗೆಂದು ಕಾರ್ಯದರ್ಶಿ ಬರೆದ ಕಾಗದಕ್ಕೆ ಗಾಜು ಹಾಕಿಸಿ ಮನೆಯ ಗೋಡೆಗೆ ನೇತುಹಾಕಿದ್ದ.

ಅದಕ್ಕೂ ಮುಂಚೆ ಹದಿನೇಳು ವರ್ಷ ಅವನು ಅದೇ ಎರಡನೇ ಬೇಸಿನಲ್ಲಿ ಮಣ್ಣು ತಿಂದವನು. ಲೀಗಿನ ಎರಡು ದಾಖಲೆ ಇಂದಿಗೂ ಅವನ ಹೆಸರಿನಲ್ಲಿವೆ. ಎರಡನೇ ಬೇಸಿನಿಂದ ಚೆಂಡು ಎಸೆದು ಅತಿ ಹೆಚ್ಚು ಮಂದಿಯನ್ನು ಔಟ್ ಮಾಡಿಸಿದವನು ಅವನೇ, ಆರು ಸಾವಿರದ ಮೂವತ್ತೊಂದು ಸಲ. ಅತಿ ಹೆಚ್ಚು ತಪ್ಪು ಮಾಡಿದವನೂ ಅವನೇ, ನಾನೂರ ಹನ್ನೆರಡು. ಊರು ಮೊದಲನೆಯದನ್ನು ಮರೆತು ಎರಡನೆಯದನ್ನು ಚೆನ್ನಾಗಿ ನೆನಪಿಟ್ಟುಕೊಂಡಿತ್ತು. ಅವನು ಕಾಫಿ ಅಂಗಡಿಗೆ ಕಾಲಿಟ್ಟರೆ ಸಾಕು, ಮೂಲೆಯಿಂದ ಯಾರಾದರೂ ಕೂಗುವರು: “ನಾನೂರ ಹನ್ನೆರಡು ಬಂದ್ನಪ್ಪಾ! ಕಪ್ಪು ಅವನ ಕೈಗ್ ಕೊಡ್ಬೇಡಿ, ಮೇಜಿನ್ ಮೇಲೇ ಇಡಿ.”

ಲೊಯಿ ನಗುತ್ತಿದ್ದ. ಆದರೆ ವೆಂಡೆಲ್‌ನನ್ನು ನೋಡಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಮನುಷ್ಯನ ಜಾಣತನ ಅವನಿಗೆ ಗೊತ್ತಿತ್ತು. ರೂಢಿಯಲ್ಲಿ ಕೈಗೆ ತಾಗಿ ಜಾರಿದ ಚೆಂಡು ತಪ್ಪಿನ ಲೆಕ್ಕಕ್ಕೆ ಬರುತ್ತದೆ. ಕೈಗೇ ತಾಗದ ಚೆಂಡು ಬರುವುದಿಲ್ಲ. ನಿಯಮದ ಪುಸ್ತಕದಲ್ಲಿ ಹಾಗಿಲ್ಲ. ಸಾಧಾರಣ ಶ್ರಮದಿಂದ ಹಿಡಿಯಬಹುದಾದ ಚೆಂಡನ್ನು ಬಿಟ್ಟರೆ, ತಾಗಿರಲಿ ಬಿಡಲಿ, ತಪ್ಪು ತಪ್ಪೇ ಎಂದು ಪುಸ್ತಕ ಹೇಳುತ್ತದೆ. ಆದರೆ ಯಾವ ಊರಿನ ಯಾವ ಸ್ಕೋರರೂ ಹಾಗೆ ಬರೆಯುವುದಿಲ್ಲ. ಬರೆದರೆ ಜಗಳ, ದೂರು, ಪತ್ರಿಕೆಯವರ ಕಾಟ. ಈ ರೂಢಿಯನ್ನು ವೆಂಡೆಲ್ ಅರೆದು ಕುಡಿದಿದ್ದ. ಕಾಲಬುಡಕ್ಕೆ ಬಂದದ್ದನ್ನು ಮಾತ್ರ ಎತ್ತಿಕೊಳ್ಳುವುದು, ಎರಡು ಹೆಜ್ಜೆ ಆಚೆ ಹೋದದ್ದಕ್ಕೆ ಅರ್ಧ ಹೆಜ್ಜೆ ಇಟ್ಟು, ಬೆನ್ನು ಬಗ್ಗಿಸಿ, ‘ಅಯ್ಯೋ, ಸಿಗಲಿಲ್ಲವಲ್ಲ’ ಎಂದು ತಲೆಯಾಡಿಸುವುದು. ಪ್ರೇಕ್ಷಕರು ಪಾಪ ಎನ್ನುತ್ತಿದ್ದರು. ಮೇಲೆ ಗೂಡಿನಲ್ಲಿ ಲೊಯಿ ಹಲ್ಲು ಕಡಿಯುತ್ತ ‘ಹಿಟ್’ ದೀಪ ಹೊತ್ತಿಸುತ್ತಿದ್ದ.

ಕೊನೆಯ ಪಂದ್ಯ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆಯ ಮಧ್ಯಾಹ್ನ. ಆಟ ಶುರುವಾಗುವ ಮೊದಲೇ ತಂಡದ ಮಾಲೀಕ ಕ್ಲೈಡ್ ಓಸ್ಟರ್‌ಮನ್ ಏದುಸಿರು ಬಿಡುತ್ತ ಏಣಿ ಹತ್ತಿ ಗೂಡಿಗೆ ಬಂದ. ಅವನದು ಊರಿನ ಹಾರ್ಡ್‌ವೇರ್ ಅಂಗಡಿ, ಮಾತೂ ಅಂಗಡಿಯವನದೇ. ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ. ತೆರೆದರೆ ಚಿನ್ನದ ಬಣ್ಣ ಬಳಿದ ಗ್ಲೌಸು, ಅದರ ಕೆಳಗಿನ ಹಿತ್ತಾಳೆ ಪಟ್ಟಿಯಲ್ಲಿ ವೆಂಡೆಲ್‌ನ ಹೆಸರು, ಹೊಸ ದಾಖಲೆಯ ಅಂಕಿ.

“ಆಟಾನೇ ಆಡಿಲ್ಲ, ಆಗ್ಲೇ ಕೆತ್ತಿಸ್ಬಿಟ್ಯಾ?” ಎಂದ ಲೊಯಿ.

“ನೋಡಪ್ಪಾ ಲೊಯಿ, ಕೆತ್ತೋನು ರಜಾ ದಿನ ಕೆಲ್ಸ ಮಾಡಲ್ಲ. ನೀನು ಮನಸ್ಸು ಮಾಡಿದ್ರೆ ಎಲ್ಲಾ ಸಲೀಸಾಗಿ ಮುಗಿಯತ್ತೆ. ಆಮೇಲೆ ಇನ್ನೊಂದ್ ವಿಷ್ಯ. ಇದನ್ನ ಅವನಿಗೆ ಕೊಡೋದು ನೀನೇ. ಅತಿ ಹೆಚ್ಚು ತಪ್ಪು ಮಾಡ್ದೋನ ಕೈಯಿಂದ ಅತಿ ಕಮ್ಮಿ ತಪ್ಪು ಮಾಡ್ದೋನಿಗೆ! ಜನ ಬಿದ್ದೂ ಬಿದ್ದೂ ನಗ್ತಾರೆ. ಬೇಜಾರಿಲ್ಲ ತಾನೆ?”

“ನಂಗೇನ್ ಬೇಜಾರು, ಕ್ಲೈಡ್. ನಗೋದಕ್ಕೇ ತಾನೆ ನೀವೆಲ್ಲಾ ನನ್ನ ಇಟ್ಕೊಂಡಿರೋದು.”

ಕ್ಲೈಡ್ ಅವನ ಬೆನ್ನು ತಟ್ಟಿ ಇಳಿದು ಹೋದ. ಮಾತಿನಲ್ಲಿದ್ದ ಮುಳ್ಳು ಅವನಿಗೆ ತಾಗಿದಂತೆ ಕಾಣಲಿಲ್ಲ.

ಒಂಬತ್ತು ಇನಿಂಗ್ಸಿನ ಆಟದಲ್ಲಿ ಎಂಟನೇ ಇನಿಂಗ್ಸಿನವರೆಗೆ ವೆಂಡೆಲ್ ಕಡೆಗೆ ಬಂದದ್ದು ಮೂರೇ ಚೆಂಡು, ಮೂರೂ ಮಗುವಿಗೆ ಉರುಳಿಸಿದಂಥವು. ಮಿಲ್ಲರ್ಸ್ ಮೂರು ರನ್, ಎದುರಿನವರು ಎರಡು. ಎದುರಿನವರಲ್ಲಿ ಇಬ್ಬರು ಔಟಾಗಿದ್ದರು, ಮೂರನೆಯವನೂ ಔಟಾದರೆ ಅವರ ಸರದಿ ಮುಗಿಯುತ್ತಿತ್ತು; ಇಬ್ಬರು ಎರಡನೇ, ಮೂರನೇ ಬೇಸಿನಲ್ಲಿ ರನ್ನಿಗೆ ಓಡಲು ಕಾಯುತ್ತಿದ್ದರು. ಚೆಂಡು ಎಸೆಯುತ್ತಿದ್ದವನು ಹ್ಯಾಂಕ್ ಸ್ವೋಬೊಡ. ಅವನಿಗೆ ಮೂವತ್ತೆಂಟು ವಯಸ್ಸು, ತೋಳು ಹೋಗಿತ್ತು, ಅವನಿಗೂ ಅದೇ ಕೊನೆಯ ಪಂದ್ಯ. ಅವನಿಗಾಗಿ ಯಾರೂ ಏನನ್ನೂ ಕೆತ್ತಿಸಿರಲಿಲ್ಲ. ಅವನು ಬೇಕೆಂದೇ ತಗ್ಗಾಗಿ ಎಸೆದ. ಬ್ಯಾಟರ್ ಅವನು ಬಯಸಿದ ಹಾಗೆಯೇ ನೆಲಕ್ಕೆ ಹೊಡೆದ. ಚೆಂಡು ವೆಂಡೆಲ್‌ನ ಎಡಕ್ಕೆ ಎರಡು ಹೆಜ್ಜೆ ಆಚೆ, ಕುಪ್ಪಳಿಸುತ್ತ, ಅವಸರವಿಲ್ಲದೆ ಬಂತು.

ವೆಂಡೆಲ್ ಒಂದು ಹೆಜ್ಜೆ ಇಟ್ಟ. ಕೊನೆಯ ಕುಪ್ಪಳದಲ್ಲಿ ಚೆಂಡು ಸ್ವಲ್ಪ ತಿರುಗಿದ್ದು ಅವನಿಗೂ ಕಾಣಿಸಿತು, ಲೊಯಿಗೂ ಕಾಣಿಸಿತು. ಕೈ ಚಾಚಿದರೆ ಹತ್ತರಲ್ಲಿ ಒಂಬತ್ತು ಸಲ ಸಿಗುವಂಥದ್ದು. ಒಂದು ಸಲ ಜಾರಬಹುದು. ಆ ಒಂದು ಸಲಕ್ಕೆ ಹೆದರಿ ವೆಂಡೆಲ್ ಎರಡನೇ ಹೆಜ್ಜೆ ಇಡಲಿಲ್ಲ. ಬಗ್ಗಿದ, ಗ್ಲೌಸನ್ನು ಚೆಂಡು ದಾಟಿದ ಮೇಲೆ ಕೆಳಗಿಳಿಸಿದ, ತಲೆಯಾಡಿಸಿದ. ಇಬ್ಬರೂ ಓಡಿ ಬಂದು ರನ್ ಮುಗಿಸಿದರು. ಮಿಲ್ಲರ್ಸ್ ಹಿಂದೆ ಬಿತ್ತು.

ಮೈದಾನದ ಸಾವಿರದೈನೂರು ತಲೆಗಳು ಗೂಡಿನತ್ತ ತಿರುಗಿದವು. ಕ್ಲೈಡ್ ತನ್ನ ಕುರ್ಚಿಯಿಂದ ಎದ್ದು ನಿಂತಿದ್ದ. ಲೊಯಿಯ ಬಾಯಲ್ಲಿ, ಅವನಿಗೇ ಕೇಳಿಸುವಷ್ಟು ಮೆಲ್ಲಗೆ, ಒಂದು ಹೊಲಸು ಬೈಗುಳ ಬಂತು. ನಂತರ ಅವನ ಬೆರಳು ಹನ್ನೊಂದು ವರ್ಷದಿಂದ ಹೋಗುತ್ತಿದ್ದ ಕಡೆಗೇ ಹೋಯಿತು. ‘ಹಿಟ್’ ದೀಪ ಹೊತ್ತಿತು. ಕೆಳಗೆ ಹ್ಯಾಂಕ್ ಸ್ವೋಬೊಡ ಫಲಕವನ್ನು ನೋಡಿದ, ಆಮೇಲೆ ಗೂಡನ್ನು ನೋಡಿದ, ಬೂಟಿನಿಂದ ಮಣ್ಣು ಕೆದರಿದ.

ಮಿಲ್ಲರ್ಸ್ ನಾಲ್ಕಕ್ಕೆ ಮೂರರಲ್ಲಿ ಸೋತು ಪಂದ್ಯ ಸಂಜೆ ನಾಲ್ಕೂ ನಲವತ್ತಕ್ಕೆ ಮುಗಿಯಿತು. ಸೋತದ್ದಕ್ಕೆ ಯಾರಿಗೂ ದುಃಖವಿರಲಿಲ್ಲ. ಬ್ಯಾಂಡು ಬಾರಿಸಿತು, ಕ್ಲೈಡ್ ಮೈಕಿನಲ್ಲಿ ತನ್ನ ಹಾಸ್ಯ ಹೇಳಿದ, ಜನ ಬಿದ್ದೂ ಬಿದ್ದೂ ನಕ್ಕರು. ಲೊಯಿ ಚಿನ್ನದ ಬಣ್ಣದ ಗ್ಲೌಸನ್ನು ವೆಂಡೆಲ್‌ನ ಕೈಗಿಟ್ಟ. ಯಾರೋ ಕೂಗಿದರು: “ಹುಷಾರು ಲೊಯಿ, ಬೀಳಿಸ್ಬೇಡ!” ವೆಂಡೆಲ್‌ನ ಅಂಗಿ ಬೆಳ್ಳಗೆ ಹೊಳೆಯುತ್ತಿತ್ತು.

ಮರುದಿನ ಬೆಳಿಗ್ಗೆ ಹೆಂಡತಿ ರೋಸಿ ಅವನ ಮುಂದೆ ಗಸಗಸೆ ಕೊಲಾಚೆ ತಂದಿಟ್ಟಳು. ಮಡಿಚಿದ ಆ ಸಿಹಿ ಬನ್ನನ್ನು ಅವನು ಎಂದೂ ಬೇಡ ಎಂದವನಲ್ಲ. ಆವತ್ತು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಎಂಟನೇ ಇನಿಂಗ್ಸಿಂದಾ?” ಎಂದಳು ರೋಸಿ. “ಅದನ್ನ ನಾನೇ ಹಿಡೀತಿದ್ದೆ. ಏಪ್ರನ್ ಕಟ್ಕೊಂಡೇ.”

“ಗೊತ್ತು.”

“ಗೊತ್ತಿದ್ರೆ ಯಾಕ್ ಹಿಟ್ ಕೊಟ್ಟೆ?”

“ಎಲ್ರೂ ಹಾಗೇ ಕೊಡೋದು.”

ರೋಸಿ ಗೋಡೆಯ ಮೇಲಿನ ಗಾಜಿನ ಚೌಕಟ್ಟನ್ನೊಮ್ಮೆ ನೋಡಿ ತನ್ನ ಕೆಲಸಕ್ಕೆ ಹೋದಳು. ಅವಳು ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಸ್ಕೋರರ್ ತನ್ನ ತೀರ್ಪನ್ನು ಪಂದ್ಯ ಮುಗಿದು ಇಪ್ಪತ್ತನಾಲ್ಕು ಗಂಟೆಯೊಳಗೆ ತಾನೇ ಬದಲಿಸಬಹುದು. ಲೊಯಿ ಒಮ್ಮೆಯೂ ಬದಲಿಸಿದವನಲ್ಲ, ಅದೂ ಅವನ ಹೆಮ್ಮೆಯೇ. ಹಾಳೆಗೆ ಸಹಿ ಹಾಕಿ ಅಂಚೆಗೆ ಕೊಡೋಣವೆಂದು ಹನ್ನೊಂದು ಗಂಟೆಗೆ ಮೈದಾನಕ್ಕೆ ಹೋದ. ಆಟಗಾರರ ಕೋಣೆಯಲ್ಲಿ ವೆಂಡೆಲ್ ಒಬ್ಬನೇ ತನ್ನ ಕಪಾಟು ಖಾಲಿ ಮಾಡುತ್ತಿದ್ದ.

“ಬನ್ನಿ ಬನ್ನಿ ಮಿಸ್ಟರ್ ಜೆಲಿನೆಕ್,” ಎಂದ. “ನಿನ್ನೆ ಉಪಕಾರ ಆಯ್ತು ನಿಮ್ಮಿಂದ.”

“ನಾನು ನಿಂಗ್ಯಾವ ಉಪಕಾರಾನೂ ಮಾಡಿಲ್ಲ. ಆ ಚೆಂಡು ನಿಂದು. ಕಾಲಲ್ಲಿ ಕಸುವಿದ್ದು ಹೊಟ್ಟೇಲಿ ಧೈರ್ಯ ಇಲ್ದೋನು ನೀನು. ಒಂಬತ್ ವರ್ಷ ಹ್ಯಾಂಕ್ ಅಂಥೋರ ಬೆವರಿನ್ ಮೇಲೆ ನಿಂತ್ಕೊಂಡು ಅಂಗಿ ಬೆಳ್ಳಗಿಟ್ಕೊಂಡೆ. ನಿನ್ನ ದಾಖಲೆ ನೋಡಿದ್ರೆ ನಂಗೆ ವಾಕರಿಕೆ ಬರತ್ತೆ.”

ವೆಂಡೆಲ್‌ಗೆ ಕೋಪ ಬರಲಿಲ್ಲ. ಅವನು ಬೂಟಿನ ಲೇಸನ್ನು ಅಚ್ಚುಕಟ್ಟಾಗಿ ಸುತ್ತಿ ಚೀಲಕ್ಕೆ ಹಾಕಿದ.

“ಒಪ್ಕೋತೀನಿ,” ಎಂದ. “ಆ ಚೆಂಡು ನಂದೇ. ನಾನು ಬಿಟ್ಟೆ, ಹೆದರ್ಕೊಂಡು ಬಿಟ್ಟೆ. ಆದ್ರೆ ಅದು ನನ್ ದಾಟ್ಕೊಂಡು ಸೀದಾ ನಿಮ್ ಹತ್ರ ಬಂತಲ್ಲ ಸಾರ್? ನೀವು ಯಾಕ್ ಬಿಟ್ರಿ?”

ಲೊಯಿ ಅಲ್ಲೇ ಇದ್ದ ಬೆಂಚಿನ ಮೇಲೆ ಕೂತ.

“ಒಂಬತ್ ವರ್ಷ ನಾನ್ ಬಿಟ್ಟಿದ್ದನ್ನೆಲ್ಲಾ ಮೇಲ್ ಕೂತು ನೋಡಿದೀರಿ. ಒಂದಕ್ಕಾದ್ರೂ ಕೈ ಚಾಚಿದ್ರಾ? ನನ್ ದಾಖಲೇನ ನಾನೊಬ್ನೇ ಮಾಡ್ಲಿಲ್ಲ ಮಿಸ್ಟರ್ ಜೆಲಿನೆಕ್. ನಿಮ್ಮನೇಲಿ ಕಾಗ್ದಕ್ಕೆ ಗಾಜು ಹಾಕ್ಸಿದೀರಂತೆ, ಕ್ಲೈಡ್ ಹೇಳ್ತಿದ್ರು. ಹನ್ನೊಂದ್ ವರ್ಷ, ಒಂದ್ ತಪ್ಪೂ ಇಲ್ಲ! ನಂಗಿಂತ ನೀವೇ ವಾಸಿ.” ಅವನು ಚೀಲದ ಬಾಯಿ ಕಟ್ಟಿ ಹೆಗಲಿಗೇರಿಸಿಕೊಂಡ. “ಬರ್ತೀನಿ ಸಾರ್. ಟ್ರ್ಯಾಕ್ಟರ್ ಬೇಕಾದ್ರೆ ಅಂಗಡಿ ಕಡೆ ಬನ್ನಿ.”

ಲೊಯಿ ಆ ಕೋಣೆಯ ಬೆಂಚಿನ ಮೇಲೆ ಎಷ್ಟು ಹೊತ್ತು ಕೂತಿದ್ದನೋ ಅವನಿಗೇ ತಿಳಿಯಲಿಲ್ಲ. ಒಂಬತ್ತು ವರ್ಷ ಒಬ್ಬನ ಮೇಲೆ ಇಟ್ಟುಕೊಂಡಿದ್ದ ತಿರಸ್ಕಾರವೆಲ್ಲ ಒಮ್ಮೆಲೇ ಮನೆಗೆ ವಾಪಸು ಬಂದಿತ್ತು, ಮತ್ತು ಅದು ಅಳತೆಗೆ ಸರಿಯಾಗಿ ಕೂರುತ್ತಿತ್ತು. ಎದುರಿನ ಗೋಡೆಯ ಕನ್ನಡಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮುದುಕನೊಬ್ಬ ಕೂತಿದ್ದ. ಥೂ, ಎಂದ ಲೊಯಿ ಅವನಿಗೆ. ಆಮೇಲೆ ಎದ್ದು ಗಡಿಯಾರ ನೋಡಿದ. ಒಂದೂವರೆ ಗಂಟೆ. ನಾಲ್ಕೂ ನಲವತ್ತಕ್ಕೆ ಇನ್ನೂ ಸಮಯವಿತ್ತು.

ಕ್ಲೈಡ್‌ನ ಕಚೇರಿಯ ಫೋನಿನಿಂದಲೇ ಲೀಗಿನ ಕಾರ್ಯದರ್ಶಿಗೆ ಕರೆ ಮಾಡಿದ. ಎಂಟನೇ ಇನಿಂಗ್ಸ್, ಹಿಟ್ ಅಲ್ಲ, ಎರಡನೇ ಬೇಸಿನವನ ತಪ್ಪು ಎಂದು ಹೇಳಿದ. ಕೈಗೆ ತಾಗಿತ್ತೇ ಎಂದು ಆ ಕಡೆಯಿಂದ ಕೇಳಿದರು. ಇಲ್ಲ, ತಾಗಲೆಂದು ಅವನು ಹೋಗಲೇ ಇಲ್ಲ, ಅದೇ ತಪ್ಪು ಎಂದ ಲೊಯಿ. ಪಕ್ಕದಲ್ಲಿ ನಿಂತಿದ್ದ ಕ್ಲೈಡ್‌ನ ಮುಖ ಬಿಳಿಚಿಕೊಂಡಿತು.

“ನಿಂಗೆ ತಲೆ ಕೆಟ್ಟಿದ್ಯಾ? ನಿನ್ನೇನೇ ಎಲ್ರ ಮುಂದೆ ಕೊಟ್ಟಾಯ್ತಲ್ಲೋ! ಹಿತ್ತಾಳೆ ಮೇಲೆ ಕೆತ್ತಿದ್ದನ್ನ ಹೇಗೋ ಅಳಿಸೋದು?”

“ನಿನ್ನಂಗ್ಡೀಲಿ ಅರ ಇಲ್ವೇನೋ?” ಎಂದು ಲೊಯಿ ಫೋನು ಕೆಳಗಿಟ್ಟ.

ಹತ್ತು ದಿನ ಊರಿಗೆ ಅದೇ ಮಾತು. ಹೊಟ್ಟೆಕಿಚ್ಚು ಎಂದರು, ಮುದಿತನ ಎಂದರು, ನಾನೂರ ಹನ್ನೆರಡಕ್ಕೆ ಬೇರೆಯವರ ಏಳಿಗೆ ಸಹಿಸಲಿಲ್ಲ ಎಂದರು. ಕಾಫಿ ಅಂಗಡಿಯಲ್ಲಿ ಅವನ ಮೇಜಿಗೆ ಯಾರೂ ಬರಲಿಲ್ಲ. ಹ್ಯಾಂಕ್ ಸ್ವೋಬೊಡ ಮಾತ್ರ ಒಂದು ದಿನ ಬಂದು, ಎದುರಿಗೆ ಕೂತು, ಕಪ್ಪು ಖಾಲಿ ಮಾಡಿ, “ಸರಿಯಾದ್ ಚೆಂಡೇ ಎಸ್ದಿದ್ದೆ ನಾನು,” ಎಂದು ಹೇಳಿ ಎದ್ದು ಹೋದ.

ಹನ್ನೊಂದನೆಯ ದಿನ ಲೀಗಿನ ಕಚೇರಿಯಿಂದ ಕಾಗದ ಬಂತು. ಚೆಂಡು ಕೈಗೆ ತಾಗದ ಕಾರಣ ಸ್ಕೋರರನ ಬದಲಾದ ತೀರ್ಪು ತಪ್ಪೆಂದು ಪರಿಗಣಿಸಿ ತಳ್ಳಿಹಾಕಲಾಗಿದೆ, ಹಾರ್ಕ್‌ನೆಸ್‌ನ ದಾಖಲೆ ಊರ್ಜಿತ, ಮುಂದಿನ ವರ್ಷದಿಂದ ಸೀಡರ್ ಫೋರ್ಕಿಗೆ ಬೇರೆ ಸ್ಕೋರರ್ ಎಂದಿತ್ತು. ಲೊಯಿ ಅದನ್ನು ಎರಡು ಸಲ ಓದಿದ. ಗೋಡೆಯಿಂದ ಚೌಕಟ್ಟು ಇಳಿಸಿದ, ಹಿಂಬದಿಯ ಮೊಳೆ ಬಿಚ್ಚಿದ, ಹಳೆಯ ಕಾಗದ ತೆಗೆದು ಹೊಸದನ್ನು ಒಳಗಿಟ್ಟ. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ರೋಸಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಏನಂತೆ?” ಎಂದಳು.

“ತಪ್ಪಂತೆ,” ಎಂದ ಲೊಯಿ, ಚೌಕಟ್ಟನ್ನು ಮತ್ತೆ ಮೊಳೆಗೆ ಸಿಕ್ಕಿಸುತ್ತ. “ನಾನೂರ ಹದಿಮೂರು. ಎಲ್ಲಿ, ಆ ಕೊಲಾಚೆ ತಾ.”