ಇಲ್ಲದ ಬ್ರೇಕು

ಡ್ರೈವಿಂಗ್ ಶಾಲೆಯ ಮೇಷ್ಟ್ರು ಇಪ್ಪತ್ತೆರಡು ವರ್ಷಗಳಲ್ಲಿ ಮೂರು ಸಾವಿರದ ನೂರು ಮಂದಿಗೆ ಕಾರು ಓಡಿಸಲು ಕಲಿಸಿದ್ದರು. ಆ ಮೂರು ಸಾವಿರದ ನೂರರಲ್ಲಿ ಅವರ ಹೆಂಡತಿ ಇರಲಿಲ್ಲ. ಮದುವೆಯಾದ ಮೊದಲ ವರ್ಷ ಮೂರು ದಿನ ಪಾಠ ನಡೆದಿತ್ತು. ಮೂರನೆಯ ದಿನ ಆಕೆ ಕಾರನ್ನೂ ಗಂಡನನ್ನೂ ರಸ್ತೆಬದಿಯಲ್ಲಿ ಬಿಟ್ಟು ಎರಡು ಕಿಲೋಮೀಟರು ನಡೆದು ಮನೆ ಸೇರಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಮೇಷ್ಟ್ರ ತಾಯಿ ಮಾತ್ರ ಆ ಗಾದೆಯನ್ನು ಒಪ್ಪುತ್ತಿರಲಿಲ್ಲ. “ಕತ್ತಲೆ ಅಲ್ಲಪ್ಪಾ, ಅಲ್ಲಿ ಎಣ್ಣೆ ಚೆಲ್ಲಿದೆ. ಕಾಲಿಟ್ಟೋರು ಜಾರ್ತಾರೆ,” ಎನ್ನುತ್ತಿದ್ದರು.

ಶಾಲೆಯ ಕಾರಿನಲ್ಲಿ ಬ್ರೇಕು ಎರಡು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂರುವ ಮೇಷ್ಟ್ರ ಕಾಲಡಿ. ದಿನಕ್ಕೆ ಎಂಟು ಗಂಟೆಯಂತೆ, ಗಂಟೆಗೆ ಇಪ್ಪತ್ತು ಕಿಲೋಮೀಟರು ವೇಗದಲ್ಲಿ, ಅವರ ಆಯುಷ್ಯದ ಹೆಚ್ಚಿನ ಭಾಗ ಆ ಪಕ್ಕದ ಸೀಟಿನಲ್ಲೇ ಸವೆದಿತ್ತು. ಬಡಿಸುವವನಿಗೆ ಹಸಿವಿಲ್ಲವೆಂದು ಯಾರು ಹೇಳಿದರು? ನಲವತ್ತಾರನೆಯ ವಯಸ್ಸಿನಲ್ಲಿ ಆ ಹಸಿವು ತಲೆಗೇರಿತು. ಒಬ್ಬ ಕಣ್ಣಿನ ಡಾಕ್ಟರು ನಾಲ್ಕು ವರ್ಷ ಓಡಿಸಿ, ಸೊಂಟನೋವು ತಾಳಲಾರದೆ ಬಿಟ್ಟುಕೊಟ್ಟ ಹಳದಿ ಬಣ್ಣದ ಸ್ಪೋರ್ಟ್ಸ್ ಹ್ಯಾಚ್‌ಬ್ಯಾಕೊಂದು ಮನೆಯ ಮುಂದೆ ಬಂದು ನಿಂತಿತು.

ಅದಕ್ಕೆ ಬಾಗಿಲು ಎರಡೇ. ಚಕ್ರಗಳು ದೊಡ್ಡವು, ಟಯರುಗಳು ತೆಳ್ಳಗಿನವು. ಸೀಟುಗಳು ಕೂತವರನ್ನು ಎರಡೂ ಪಕ್ಕೆಗಳಿಂದ ಅವುಚಿಕೊಳ್ಳುತ್ತಿದ್ದವು. ಗೇರಿನ ಮುಂದೆ ಒಂದು ಕೆಂಪು ಗುಂಡಿ. ಒತ್ತಿದರೆ ಸ್ಟೀರಿಂಗು ಬಿಗಿಯಾಗಿ, ಇಂಜಿನ್ನಿನ ದನಿ ಗಡಸಾಗಿ, ಸೈಲೆನ್ಸರು ಕೆಮ್ಮತೊಡಗುತ್ತಿತ್ತು.

ಇಂಥ ಗಾಡಿಯೊಂದಿಗೆ ದಿನನಿತ್ಯದ ಸಂಸಾರ ಮಾಡುವುದು ಹೇಗೆಂಬುದು ಮೊದಲ ವಾರದಲ್ಲೇ ಮನೆಯವರಿಗೆ ತಿಳಿಯಿತು. ಮನೆಯಿಂದ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿ ಹನ್ನೊಂದು ಹಂಪುಗಳು. ಡಿಕ್ಕಿಯಲ್ಲಿಟ್ಟ ಮೂವತ್ತು ಮೊಟ್ಟೆಗಳಲ್ಲಿ ಹನ್ನೆರಡು ಒಡೆದವು. ಹಂಪಿಗೊಂದರಂತೆ, ಮೇಲೊಂದು ಹೆಚ್ಚು. ಹಿಂದಿನ ಸೀಟಿಗೆ ನುಗ್ಗಲು ಎಂಬತ್ತರ ತಾಯಿಗೆ ಸಾಧ್ಯವಿಲ್ಲದ್ದರಿಂದ ಅವರಿಗೆ ಮುಂದಿನ ಸೀಟೇ ಗತಿಯಾಯಿತು. ಒಳಗೆ ಇಳಿಯುವುದು ಸುಲಭ. ಹೊರಗೆ ತೆಗೆಯಲು ಮಗನೂ ಸೊಸೆಯೂ ಎರಡು ಕೈ ಹಿಡಿದು ಎಳೆಯಬೇಕಿತ್ತು.

“ಹಲ್ಲು ಕೀಳೋವಾಗ್ಲೂ ಇಷ್ಟು ನೋವಾಗಿರ್ಲಿಲ್ಲ ಕಣೋ,” ಎಂದರು ತಾಯಿ.

ಸೋಜಿಗವೆಂದರೆ, ಇಷ್ಟೆಲ್ಲ ಆದಮೇಲೂ ಮೇಷ್ಟ್ರು ಆ ಗಾಡಿಯನ್ನು ನಲವತ್ತರ ಮೇಲೆ ಓಡಿಸಲಿಲ್ಲ. ಖಾಲಿ ರಸ್ತೆಯಲ್ಲೂ ಕನ್ನಡಿ ನೋಡಿ, ತಪ್ಪದೆ ಇಂಡಿಕೇಟರು ಹಾಕಿ, “ಕ್ಲಚ್ಚು, ಗೇರು, ನಿಧಾನ” ಎಂದು ತಮಗೆ ತಾವೇ ಪಾಠ ಒಪ್ಪಿಸುತ್ತ ಹೋಗುತ್ತಿದ್ದರು. ಹಾಲಿನ ವ್ಯಾನುಗಳು ಅವರನ್ನು ದಾಟಿ ಹೋಗುತ್ತಿದ್ದವು. ಪರಿಚಯದ ಮೆಕ್ಯಾನಿಕ್ ಒಬ್ಬ, ಸದಾ ಮೈಗೆ ಮಸಿ ಬಳಿದುಕೊಂಡಿರುತ್ತಿದ್ದುದರಿಂದ ಮಸಿಯಣ್ಣನೆಂದೇ ಹೆಸರಾದವನು, ನೇರವಾಗಿಯೇ ಹೇಳಿದನು: “ಹುಲಿ ತಂದು ಹುಲ್ಲು ಹಾಕ್ತಿದೀರಲ್ಲ ಮೇಷ್ಟ್ರೇ. ಬೇಡ ಅಂದ್ರೆ ಹೇಳಿ, ತಗೊಳ್ಳೋಕೆ ನನ್ನ ಹತ್ರ ಒಬ್ರು ತುದಿಗಾಲಲ್ಲಿ ನಿಂತಿದಾರೆ.”

“ನಿಂತಿರ್ಲಿ. ಕಾಲು ಗಟ್ಟಿಯಾಗುತ್ತೆ,” ಎಂದರು ಮೇಷ್ಟ್ರು.

ಆದರೆ ಮೂರನೆಯ ತಿಂಗಳಲ್ಲಿ ವಿಷಯ ಹಾಸ್ಯವಾಗಿ ಉಳಿಯಲಿಲ್ಲ. ಹೆಂಡತಿ ಹತ್ತಿರದ ರಕ್ತಪರೀಕ್ಷಾ ಕೇಂದ್ರದಲ್ಲಿ ಹದಿನೆಂಟು ವರ್ಷ ದುಡಿದವಳು. ಅಳುವ ಕೂಸಿನ ಎಳೆ ರಕ್ತನಾಳವನ್ನೂ ಒಂದೇ ಸಲಕ್ಕೆ ಹಿಡಿಯುವ ಕೈ ಆಕೆಯದು. ನಗರದ ಇನ್ನೊಂದು ತುದಿಯ ದೊಡ್ಡ ಆಸ್ಪತ್ರೆ ಆಕೆಯನ್ನು ತನ್ನ ಪ್ರಯೋಗಾಲಯದ ಮುಖ್ಯಸ್ಥೆಯಾಗಲು ಕರೆಯಿತು. ದೂರ ಹದಿನೇಳು ಕಿಲೋಮೀಟರು. ಕೆಲಸ ಬೆಳಗಿನ ಏಳಕ್ಕೆ. ಆ ದಿಕ್ಕಿಗೆ ಮೊದಲ ಬಸ್ಸು ಎಂಟಕ್ಕೆ. ಕೆಲಸಕ್ಕೆ ಸೇರಬೇಕಾದ ಒಂದನೆಯ ತಾರೀಖಿಗೆ ಇಪ್ಪತ್ತಾರು ದಿನ ಉಳಿದಿತ್ತು.

“ಈ ಗಾಡಿ ಕೊಟ್ಟುಬಿಡೋಣ ರೀ,” ಎಂದಳು ಆಕೆ, ಊಟದ ಮೇಜಿನಲ್ಲಿ. “ಗೇರಿಲ್ಲದ, ಮೆತ್ತಗಿನ, ನಾಲ್ಕು ಬಾಗಿಲಿನ ಒಂದು ಗಾಡಿ ತಗೊಳ್ಳೋಣ. ಅತ್ತೇನೂ ಕೂರ್ತಾರೆ, ನಾನೂ ಕಲೀತೀನಿ.”

ಮೇಷ್ಟ್ರ ಕೈಯ ತುತ್ತು ಅರ್ಧದಾರಿಯಲ್ಲಿ ನಿಂತಿತು. “ಇದರಲ್ಲೇ ಕಲಿಸ್ತೀನಿ.”

“ಹದಿನೆಂಟು ವರ್ಷದ ಹಿಂದೆ ಕಲಿಸಿದ ಹಾಗಾ?”

“ಆಗ ನಾನು ಚಿಕ್ಕವನು.”

“ಈಗ ಗಾಡಿ ಚಿಕ್ಕದು,” ಎಂದರು ತಾಯಿ, ಮೇಜಿನ ಆ ಬದಿಯಿಂದ.

ಒಪ್ಪಂದವಾಯಿತು. ಒಂದನೆಯ ತಾರೀಖಿನ ಹಿಂದಿನ ಭಾನುವಾರ ಆಕೆ ಹಳದಿ ಗಾಡಿಯನ್ನು ಆಸ್ಪತ್ರೆಯ ನೆಲಮಾಳಿಗೆಯ ಪಾರ್ಕಿಂಗಿನವರೆಗೆ ಓಡಿಸಿ, ಹಿಂದಕ್ಕೆ ತರಬೇಕು. ತಂದರೆ ಗಾಡಿ ಉಳಿಯುತ್ತದೆ. ತರದಿದ್ದರೆ ಸಂಜೆಯೇ ಬೀಗದ ಕೈ ಮಸಿಯಣ್ಣನಿಗೆ.

ಪಾಠ ಬೆಳಿಗ್ಗೆ ಆರಕ್ಕೆ ಆರಂಭವಾಗುತ್ತಿತ್ತು. ಹೆಂಡತಿಯ ಕಾಲು ಕ್ಲಚ್ಚನ್ನು ಮೂರನೆಯ ದಿನಕ್ಕೇ ಅರಿತುಕೊಂಡಿತು. ಕೈ ಮೊದಲಿನಿಂದಲೂ ನಡುಗದ ಕೈ. ತೊಡಕಿದ್ದದ್ದು ಬೇರೆ ಕಡೆ. ಹಳದಿ ಗಾಡಿಯಲ್ಲಿ ಪಕ್ಕದ ಸೀಟಿನ ಕೆಳಗೆ ಬ್ರೇಕಿರಲಿಲ್ಲ. ಆದರೂ ಮೇಷ್ಟ್ರ ಬಲಗಾಲು ಇಪ್ಪತ್ತೆರಡು ವರ್ಷದ ರೂಢಿಯಂತೆ, ಎದುರಿಗೆ ಏನೇ ಕಂಡರೂ, ಕಾಲೊರಸನ್ನು ಬಲವಾಗಿ ಒತ್ತುತ್ತಿತ್ತು. ಕಾಲಿಗೆ ಏನೂ ಸಿಗದೆ ಹೋದಾಗ ಗಾಬರಿಯೆಲ್ಲ ಬಾಯಿಗೆ ಬರುತ್ತಿತ್ತು. “ಬ್ರೇಕು! ಬ್ರೇಕು ಅಂದೆ! ಅಲ್ಲಿ ನಾಯಿ ಇದೆ ನೋಡೇ!”

“ಅದು ಫುಟ್‌ಪಾತಿನ ಮೇಲೆ ಮಲಗಿದೆ ರೀ.”

“ಏಳಬಹುದು.”

ಒಂಬತ್ತನೆಯ ದಿನ ಅವರು ದೊಡ್ಡ ಸರ್ಕಲ್ಲನ್ನು ಪ್ರವೇಶಿಸಿದರು. ಐದು ರಸ್ತೆಗಳು ಕೂಡುವ ಜಾಗ. ಹೆಂಡತಿ ಕಾದು, ಅಂತರ ಅಳೆದು, ಸರಿಯಾದ ಸಂದಿಯಲ್ಲಿ ಗಾಡಿಯನ್ನು ನುಗ್ಗಿಸಿದಳು. ಮೇಷ್ಟ್ರ ಲೆಕ್ಕದಲ್ಲಿ ಆ ಸಂದಿ ಸಾಲದು. ಕಾಲು ಕಾಲೊರಸನ್ನು ತುಳಿಯಿತು, ಗಾಡಿ ನಿಲ್ಲಲಿಲ್ಲ. ಆಗ ಅವರ ಕೈ, ಯಾರನ್ನೂ ಕೇಳದೆ, ಹ್ಯಾಂಡ್‌ಬ್ರೇಕನ್ನು ಎಳೆಯಿತು. ಹಳದಿ ಗಾಡಿ ಸರ್ಕಲ್ಲಿನ ನಟ್ಟನಡುವೆ ಒಮ್ಮೆ ಬಿಕ್ಕಿ, ಇಂಜಿನ್ ಆರಿ ನಿಂತಿತು. ಹಿಂದೆ ಬರುತ್ತಿದ್ದ ಬ್ರೆಡ್ಡಿನ ವ್ಯಾನು ಒಂದು ಗೇಣು ಅಂತರದಲ್ಲಿ ಕಿರುಚಿ ನಿಂತಿತು.

ವ್ಯಾನಿನವನು ಕಿಟಕಿಯಿಂದ ಅರ್ಧ ಮೈ ಹೊರಹಾಕಿದನು. “ಏನಕ್ಕಾ! ಸರ್ಕಲ್ ಮಧ್ಯ ಹ್ಯಾಂಡ್‌ಬ್ರೇಕ್ ಎಳೆಯೋದು ಯಾವ ಮೇಷ್ಟ್ರು ಹೇಳಿಕೊಟ್ರು ನಿಮಗೆ?”

“ಇಲ್ಲೇ ಇದಾರೆ, ಅವರನ್ನೇ ಕೇಳಿ,” ಎಂದಳು ಹೆಂಡತಿ.

ವ್ಯಾನಿನವನು ಬಗ್ಗಿ ನೋಡಿದನು. ಅವನ ಮುಖ ಅರಳಿತು. “ಅಯ್ಯೋ, ನಮಸ್ಕಾರ ಸಾರ್! ನಾನು ನಿಮ್ಮ ಹತ್ರನೇ ಕಲಿತಿದ್ದು!”

ಮೂರು ಸಾವಿರದ ನೂರರಲ್ಲಿ ಒಬ್ಬ. ಮೇಷ್ಟ್ರು ಸೀಟಿನೊಳಗೆ ಇನ್ನಷ್ಟು ಇಳಿದರು.

ಮನೆಗೆ ಬಂದ ಮೇಲೆ ಗಾಡಿ ಮಾರುವ ಮಾತೇ ಬರುತ್ತದೆಂದು ಅವರು ತಲೆ ತಗ್ಗಿಸಿ ಕೂತಿದ್ದರು. ನಡೆದದ್ದನ್ನೆಲ್ಲ ಕೇಳಿ ಮೊದಲು ಬಾಯಿ ತೆರೆದವರು ತಾಯಿ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಕೇಳಿದ್ದೆ. ಇಲ್ಲಿ ಕುಣಿಯೋಳು ಚೆನ್ನಾಗೇ ಕುಣೀತಿದಾಳೆ. ನೆಲನೇ ಎದ್ದು ಬಂದು ಅವಳ ಕಾಲು ಹಿಡ್ಕೊಂಡಿದೆ.”

ಹೆಂಡತಿ ನಗಲಿಲ್ಲ. “ನಾನು ಒಂದು ಮಗುವಿಗೆ ಸೂಜಿ ಹಾಕ್ತಿರ್ತೀನಿ ಅಂದ್ಕೊಳ್ಳಿ. ಪಕ್ಕದಲ್ಲಿ ನಿಂತೋರು ಕೈ ಎಳೆದ್ರೆ ಏನಾಗುತ್ತೆ?”

ಮೇಷ್ಟ್ರು ಹ್ಯಾಂಡ್‌ಬ್ರೇಕು ಎಳೆದ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡರು.

“ಗಾಡಿ ಸರಿಯಾಗಿದೆ ರೀ. ನನಗೆ ಇಷ್ಟಾನೂ ಆಗಿದೆ. ಹಂಪಿನ ಮೇಲೆ ಬಿಟ್ರೆ ಇನ್ನೆಲ್ಲೂ ಅದು ನನ್ನ ಮಾತು ಮೀರಿಲ್ಲ. ಮೀರ್ತಿರೋರು ನೀವು. ನಾಳೆಯಿಂದ ನೀವು ಹಿಂದಿನ ಸೀಟಲ್ಲಿ ಕೂರಬೇಕು. ಮಾತಾಡಬಾರದು. ಒಂದು ಸಲ ಬಾಯಿ ಬಿಟ್ರೆ ಒಂದು ನಿಮಿಷ ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸ್ತೀನಿ. ಕೊನೇ ಭಾನುವಾರ ಮಾತ್ರ ಬಾಯಿ ಬಿಟ್ರೆ, ಗಾಡೀನೇ ಬಿಟ್ಟ ಹಾಗೆ.”

ಹಿಂದಿನ ಸೀಟು ಎಂಬುದು ಆ ಗಾಡಿಯಲ್ಲಿ ಹೆಸರಿಗೆ ಮಾತ್ರ ಇತ್ತು. ಮೇಷ್ಟ್ರು ಅಡ್ಡವಾಗಿ, ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು, ಕೊರಿಯರ್ ಪೊಟ್ಟಣದಂತೆ ಕೂತರು. ಆಸ್ಪತ್ರೆಯ ದಾರಿಗೆ ನಲವತ್ತು ನಿಮಿಷ ಸಾಕು. ಮೊದಲ ದಿನ ಅರವತ್ತಮೂರು ನಿಮಿಷ ಹಿಡಿಯಿತು. ವ್ಯತ್ಯಾಸ ಇಪ್ಪತ್ತಮೂರು, ಅಂದರೆ ಮೇಷ್ಟ್ರು ಇಪ್ಪತ್ತಮೂರು ಸಲ ಬಾಯಿ ಬಿಟ್ಟಿದ್ದರು. ಎರಡನೆಯ ದಿನ ಒಂಬತ್ತು. ಮೂರನೆಯ ದಿನ ನಾಲ್ಕು, ಅದರಲ್ಲಿ ಒಂದು ಸೀನು. ಸೀನನ್ನು ಮಾತೆಂದು ಎಣಿಸಬಹುದೇ ಎಂದು ವಾದಿಸಲು ಹೋಗಿ ಅದು ಐದಾಯಿತು. ಏಳನೆಯ ದಿನ ನಲವತ್ತು ನಿಮಿಷಕ್ಕೆ ಸರಿಯಾಗಿ ಗಾಡಿ ಆಸ್ಪತ್ರೆಯ ಗೇಟಿನ ಮುಂದೆ ನಿಂತಿತು. ನಿರ್ಮಲವಾದ ಸೊನ್ನೆ. ಒಳಗೆ ಬಿಡುವುದಿಲ್ಲವೆಂದು ಕಾವಲುಗಾರ ಹೇಳಿದ್ದರಿಂದ ಪ್ರತಿದಿನವೂ ಗೇಟಿನಿಂದಲೇ ಹಿಂತಿರುಗುತ್ತಿದ್ದರು. ಕೊನೆಯ ಭಾನುವಾರಕ್ಕೆ ಹೆಂಡತಿಯ ಹೆಸರಿನ ಗುರುತಿನ ಚೀಟಿ ಬಂದಿತು.

ಆ ಭಾನುವಾರ ಹದಿನೇಳು ಕಿಲೋಮೀಟರು ಹೂವೆತ್ತಿದ ಹಾಗೆ ಸಾಗಿತು. ದೊಡ್ಡ ಸರ್ಕಲ್ಲನ್ನು ಆಕೆ ದಾಟಿದ ರೀತಿಗೆ ಮೇಷ್ಟ್ರು ಮನಸ್ಸಿನಲ್ಲೇ ನೂರಕ್ಕೆ ತೊಂಬತ್ತು ಅಂಕ ಕೊಟ್ಟರು. ಅಷ್ಟು ಅಂಕವನ್ನು ಅವರು ಯಾರಿಗೂ ಕೊಟ್ಟವರಲ್ಲ. ಕಾವಲುಗಾರ ಚೀಟಿ ನೋಡಿ ಗೇಟು ತೆಗೆದನು. ನೆಲಮಾಳಿಗೆಗೆ ಇಳಿಯುವ ಇಳಿಜಾರು ಎದುರಿಗೆ ಬಂದಿತು.

ಮೇಷ್ಟ್ರು ಹಿಂದಿನ ಸೀಟಿನಿಂದ ಕತ್ತು ಚಾಚಿ ನೋಡಿದರು. ಐದು ಅಡಿಗೆ ಒಂದು ಅಡಿ ಇಳಿಯುವ ಕಡಿದಾದ ಇಳಿಜಾರು. ಬುಡದಲ್ಲಿ ಥಟ್ಟನೆ ಸಮತಟ್ಟು. ನೇರವಾಗಿ ಇಳಿದರೆ ಈ ಗಾಡಿಯ ತಗ್ಗಿದ ಮೂತಿ ಅಲ್ಲಿ ನೆಲಕ್ಕೆ ಉಜ್ಜಿ, ಬಂಪರು ಕಿತ್ತು ಕೈಗೆ ಬರುವುದರಲ್ಲಿ ಸಂದೇಹವಿರಲಿಲ್ಲ. ಓರೆಯಾಗಿ ಇಳಿಸಿದರೆ ತಾಗುವುದಿಲ್ಲ. ಇದು ಅವರಿಗೆ ಗೊತ್ತು. “ಓರೆ” ಎಂಬ ಒಂದು ಮಾತು ಸಾಕು. ಆ ಮಾತು ಆಡಿದರೆ ಗಾಡಿ ಹೋಯಿತು; ಆಡದಿದ್ದರೆ ಬಂಪರು ಹೋಗಿ, ಹೆಂಡತಿಯ ಧೈರ್ಯ ಹೋಗಿ, ಆಮೇಲೆ ಗಾಡಿಯೂ ಹೋಯಿತು. ಅವರು ಕರವಸ್ತ್ರವನ್ನು ಸುತ್ತಿ ಹಲ್ಲುಗಳ ನಡುವೆ ಕಚ್ಚಿಕೊಂಡರು. ಕಾಲು ಮಾತ್ರ ಮುಂದಿನ ಸೀಟಿನ ಬೆನ್ನನ್ನು ಬಲವಾಗಿ ಒತ್ತುತ್ತಿತ್ತು.

ಹೆಂಡತಿ ಇಳಿಜಾರಿನ ನೆತ್ತಿಯಲ್ಲಿ ಗಾಡಿ ನಿಲ್ಲಿಸಿದಳು. ಕೆಳಗಿಳಿದು ಬಂಪರಿನ ಕೆಳಗೆ ಗೇಣು ಹಾಕಿದಳು. ಇಳಿಜಾರಿನ ಬುಡದವರೆಗೆ ನಡೆದು ಹೋಗಿ ಬಂದಳು. ಮತ್ತೆ ಕೂತು, ಸ್ಟೀರಿಂಗನ್ನು ಹಿಡಿದು, ತನಗೆ ತಾನೇ ಮೆಲ್ಲನೆ ಹೇಳಿಕೊಂಡಳು:

“ಸೂಜೀನ ನೇರ ಚುಚ್ಚಿದ್ರೆ ನರದ ಆ ಕಡೆ ಗೋಡೆಗೆ ತಾಗುತ್ತೆ. ಓರೆಯಾಗಿ ಹೋಗಬೇಕು.”

ಗಾಡಿ ಓರೆಯಾಗಿ, ಬೆಕ್ಕು ಗೋಡೆಯಿಂದ ಇಳಿಯುವಂತೆ, ಒಂದೊಂದು ಚಕ್ರವನ್ನೇ ಇಳಿಸಿತು. ಮೂತಿ ನೆಲವನ್ನು ಮುಟ್ಟಲಿಲ್ಲ. ನೆಲಮಾಳಿಗೆಯ ಕಂಬಗಳ ನಡುವೆ ಒಂದು ಸುತ್ತು ಬಂದು, ಅದೇ ಇಳಿಜಾರನ್ನು ಮೇಲಕ್ಕೆ ಹತ್ತುವಾಗ ಗೇಟಿನವನು ಕೈ ಅಡ್ಡ ಹಿಡಿದನು. ಹಿಂದೆ ಯಾವುದೋ ದೊಡ್ಡ ಕಾರೊಂದು ಬೆನ್ನಿಗಂಟಿ ನಿಂತಿತು. ಹೆಂಡತಿ ಹ್ಯಾಂಡ್‌ಬ್ರೇಕು ಎಳೆದಳು, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟಳು, ಗಾಡಿಯ ಮೂತಿ ತುಸು ಎದ್ದದ್ದನ್ನು ಕಂಡು ಹ್ಯಾಂಡ್‌ಬ್ರೇಕು ಇಳಿಸಿದಳು. ಗಾಡಿ ಒಂದು ಅಂಗುಲವೂ ಹಿಂದೆ ಸರಿಯದೆ ಮೇಲೆ ಬಂದಿತು.

ರಸ್ತೆಗೆ ಬಂದ ಮೇಲೆ ಆಕೆ ಕನ್ನಡಿಯಲ್ಲಿ ನೋಡಿದಳು. “ಇನ್ನು ಮಾತಾಡಬಹುದು.”

ಮೇಷ್ಟ್ರು ಕರವಸ್ತ್ರ ತೆಗೆದರು. ಅದರಲ್ಲಿ ಎಂಟು ತೂತುಗಳಿದ್ದವು. “ಮೂರು ಸಾವಿರದ ನೂರ ಒಂದು,” ಎಂದರು. ಆಮೇಲೆ, ಸತ್ಯವನ್ನು ಮುಚ್ಚಿಡಬಾರದೆಂದು, “ಇಲ್ಲ, ನೀನು ನನ್ನ ಲೆಕ್ಕಕ್ಕೆ ಬರಲ್ಲ. ನೀನೇ ಕಲಿತೆ,” ಎಂದರು.

ಗಾಡಿ ಉಳಿಯಿತು. ಆದರೆ ಉಳಿದದ್ದು ಯಾರಿಗೆ ಎಂಬುದನ್ನು ಮೇಷ್ಟ್ರು ಮೊದಲೇ ಲೆಕ್ಕ ಹಾಕಿರಲಿಲ್ಲ. ವಾರದಲ್ಲಿ ಆರು ದಿನ ಅದು ಬೆಳಿಗ್ಗೆ ಆರೂಕಾಲಕ್ಕೆ ಕೆಮ್ಮಿ, ಬೀದಿಯನ್ನೆಲ್ಲ ಎಬ್ಬಿಸಿ, ಆಸ್ಪತ್ರೆಗೆ ಹೋಗುತ್ತಿತ್ತು. ಅವರು ಡ್ರೈವಿಂಗ್ ಶಾಲೆಗೆ ನಡೆದು ಹೋಗುತ್ತಿದ್ದರು. ಏಳನೆಯ ದಿನ ಅವರದು. ಮೊದಲ ಭಾನುವಾರ ಅವರು ನಲವತ್ತರಲ್ಲಿ ಓಡಿಸುವಾಗ ಹೆಂಡತಿ ಆಕಳಿಸಿದಳು. “ಹೀಗೇ ಹೋದ್ರೆ ಗಾಡಿಗೂ ನಿದ್ದೆ ಬರುತ್ತೆ ರೀ.” ಎರಡನೆಯ ಭಾನುವಾರ ಅವರು ಅರ್ಧದಾರಿಯಲ್ಲಿ ಗಾಡಿ ನಿಲ್ಲಿಸಿ, ತಾವಾಗಿಯೇ ಪಕ್ಕದ ಸೀಟಿಗೆ ಬಂದು ಕೂತರು. ಆಕೆ ಗೇರು ಬದಲಿಸುವುದನ್ನು ನೋಡುವುದು, ತಾವು ಬದಲಿಸುವುದಕ್ಕಿಂತ ಚೆನ್ನಾಗಿತ್ತು. ಕಾಲೊರಸಿನಲ್ಲಿ ಮಾತ್ರ ಅವರ ಹಿಮ್ಮಡಿ ಊರುವ ಜಾಗ ಸವೆದು ತೂತು ಬಿದ್ದಿತು.

ಮೂರನೆಯ ಭಾನುವಾರ ಬಾಗಿಲು ತೆಗೆದರೆ ಅಲ್ಲೊಂದು ಪೆಡಲಿತ್ತು. ಕಪ್ಪು ರಬ್ಬರಿನ ಹೊದಿಕೆಯ, ಗಟ್ಟಿಮುಟ್ಟಾದ ಪೆಡಲು. ಮಸಿಯಣ್ಣ ಪಕ್ಕದಲ್ಲೇ ಕೈ ಒರೆಸಿಕೊಳ್ಳುತ್ತಿದ್ದನು.

“ಇದನ್ನ ಎಲ್ಲಿಗೆ ಜೋಡಿಸಿದೀಯೋ?”

“ನೆಲಕ್ಕೆ ಮೇಷ್ಟ್ರೇ. ನಾಲ್ಕು ಬೋಲ್ಟು.”

“ಬ್ರೇಕಿಗೆ?”

“ಅಕ್ಕ ಬೇಡ ಅಂದ್ರು.”

ಬಾಲ್ಕನಿಯಿಂದ ತಾಯಿ ಕೂಗಿದರು: “ಅಳೋ ಮಗೂಗೆ ಗಿಲಕಿ ಕೊಟ್ಟ ಹಾಗಾಯ್ತು ಬಿಡು! ಕೂತ್ಕೊಳ್ಳೋ!”

ಮೇಷ್ಟ್ರು ಮುಖ ಗಂಟಿಕ್ಕಿ ಕೂತರು. ಇಂಥ ಅವಮಾನವನ್ನು ತಾವು ಕಾಲಿನಿಂದಲೂ ಮುಟ್ಟುವುದಿಲ್ಲವೆಂದು ನಿರ್ಧರಿಸಿದರು. ಆ ನಿರ್ಧಾರ ದೊಡ್ಡ ಸರ್ಕಲ್ಲಿನವರೆಗೆ ಬಾಳಿತು. ಅಲ್ಲಿ ಎಡದಿಂದ ಬಸ್ಸೊಂದು ಬಂದಿತು. ಅವರ ಕಾಲು ತಾನಾಗಿ ಪೆಡಲಿನ ಮೇಲೆ ಹೋಗಿ ಒತ್ತಿತು. ಪೆಡಲು ಗಟ್ಟಿಯಾಗಿ ನಿಂತಿತು. ಕಾಲಿಗೆ ಸಮಾಧಾನವಾಯಿತು, ಬಾಯಿ ಸುಮ್ಮನಿತ್ತು, ಕೈ ತೊಡೆಯ ಮೇಲೆ ಉಳಿಯಿತು. ಬಸ್ಸು ತನ್ನ ದಾರಿ ಹಿಡಿಯಿತು.

ಸರ್ಕಲ್ಲಿನಾಚೆ ರಸ್ತೆ ಖಾಲಿಯಾಗಿ, ಅಗಲವಾಗಿ, ಎರಡು ಕಿಲೋಮೀಟರು ನೇರವಾಗಿ ಬಿದ್ದಿತ್ತು. ಹೆಂಡತಿ ಗಂಡನ ಕಡೆ ಒಮ್ಮೆ ನೋಡಿ ಕೆಂಪು ಗುಂಡಿ ಒತ್ತಿದಳು. ಮೇಷ್ಟ್ರು ತಮ್ಮ ಪೆಡಲು ಒತ್ತಿದರು. ಗಾಡಿ ಕೆಮ್ಮಿ, ಮುಂದಕ್ಕೆ ಹಾರಿತು.