ಗದ್ದಲ ತೆಗೆಯುವ ಸಾಫ್ಟ್‌ವೇರು

ದೇವರು ಕೆಲವರಿಗೆ ಮಾತು ಕೊಡುವಾಗ ಅಳತೆ ಮರೆತುಬಿಡುತ್ತಾನೆ. ಅವನ ಲೀಲೆ, ನಾವು ಪ್ರಶ್ನಿಸುವ ಹಾಗಿಲ್ಲ. ಆದರೆ ಅಂಥವರೊಬ್ಬರನ್ನು ಹುಡುಕಿ ತಂದು ತನ್ನ ಅಕ್ಕನಿಗೇ ಗಂಟುಹಾಕಬೇಕಿತ್ತೇ ಎಂದು ಕನ್ನಡಕದ ಅಂಗಡಿಯವಳು ದೀಪ ಹಚ್ಚುವಾಗಲೆಲ್ಲ ಮನಸ್ಸಿನಲ್ಲೇ ಕೇಳುತ್ತಿದ್ದಳು. ಬೆನ್ನ ಹಿಂದೆ ಅವರಿಗೆ ಎಲ್ಲಬಲ್ಲ ಭಾವ ಎಂದೇ ಹೆಸರು.

ಅದೇ ಭಾವನ ಎದುರು ಅವಳೀಗ ಕೈಕಟ್ಟಿ ನಿಂತದ್ದು ಅಮ್ಮನಿಗಾಗಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಜೊತೆಗಿದ್ದ ಅಮ್ಮ ಒಬ್ಬೊಬ್ಬರನ್ನೇ ಮರೆಯುತ್ತ ಬಂದಿದ್ದರು. ಪಕ್ಕದ ಮನೆಯವರು ಹೋದರು, ಮೊಮ್ಮಕ್ಕಳು ಹೋದರು. ಈಚೆಗೊಂದು ಬೆಳಿಗ್ಗೆ ಗೋಡೆಯ ಮೇಲಿನ ಅಪ್ಪನ ಫೋಟೋ ತೋರಿಸಿ, "ಈ ಮುದುಕ ಯಾರೇ? ಯಾಕೆ ನನ್ನನ್ನೇ ನೋಡ್ತಾನೆ?" ಎಂದು ಕೇಳಿಬಿಟ್ಟರು. ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ದೇಹ ಹೋಯಿತು, ಸರಿ. ಅಷ್ಟು ವರ್ಷ ಜೊತೆಗೆ ಬಾಳಿದವಳ ನೆನಪಿನಿಂದಲೂ ಆ ಮನುಷ್ಯ ಹೊರಗೆ ಬೀಳುವುದೇ?

ಅಪ್ಪ ಓಡಾಡುವ, ಮಾತಾಡುವ ವಿಡಿಯೋ ಒಂದನ್ನು ಅಕ್ಕ ಹಿಂದೆ ಹಿಡಿದಿದ್ದಳು. ಆದರೆ ಮೊಬೈಲು ತೋರಿಸಿದರೆ ಅಮ್ಮ ಮುಖ ತಿರುಗಿಸುತ್ತಿದ್ದರು; ಕಂಪ್ಯೂಟರು ಆಫೀಸಿನವರ ವಸ್ತು ಎಂದು ಹತ್ತಿರವೇ ಹೋಗುತ್ತಿರಲಿಲ್ಲ. ಟಿವಿಯ ಎದುರು ಮಾತ್ರ ನೆಟ್ಟಗೆ ಕೂರುತ್ತಿದ್ದರು. ಟಿವಿಯ ಕೆಳಗೊಂದು ಹಳೆಯ ಡಿವಿಡಿ ಪ್ಲೇಯರ್ ಇತ್ತು. ಆ ವಿಡಿಯೋವನ್ನು ಯಾರಾದರೂ ಒಂದು ಡಿಸ್ಕಿಗೆ ಇಳಿಸಿಕೊಟ್ಟರೆ ಸಾಕಿತ್ತು.

"ಇಷ್ಟಕ್ಕೆ ಇಷ್ಟು ದಿನ ಒದ್ದಾಡಿದ್ಯಾ?" ಎಂದರು ಭಾವ, ಕನ್ನಡಕಗಳನ್ನೆಲ್ಲ ಪಕ್ಕಕ್ಕೆ ತಳ್ಳಿ ಗಾಜಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಡುತ್ತ. "ನನ್ನನ್ನ ಒಂದು ಮಾತು ಕೇಳಬಾರದಾ?"

ಮೊದಲು ಪುಕ್ಕಟೆ ಸಿಗುವ ಸಾಫ್ಟ್‌ವೇರೊಂದನ್ನು ಇಳಿಸಿಕೊಂಡರು. ಅದು ಡಿವಿಡಿಯನ್ನೇನೋ ಮಾಡಿತು, ಆದರೆ ಅಪ್ಪನ ಹಣೆಗೆ ಅಡ್ಡಲಾಗಿ ತನ್ನ ಕಂಪನಿಯ ಹೆಸರು ಬರೆದುಕೊಂಡಿತು. ಇನ್ನೊಂದು ಸಾಫ್ಟ್‌ವೇರು ಫೈಲನ್ನು ಇದ್ದ ಹಾಗೇ ಡಿಸ್ಕಿಗೆ ಸುರಿಯಿತು. ಪ್ಲೇಯರ್ ಅದನ್ನು ನುಂಗಿ, ಗೊರಗೊರ ಅಂದು, ಹೊರಗೆ ಉಗುಳಿತು.

"ಪ್ಲೇಯರ್ ಸರಿ ಇಲ್ಲ" ಎಂದರು ಭಾವ.

"ಡಿವಿಡಿಗೆ ಬೇಕಾದ ಹಾಗೆ ಫೈಲನ್ನ ಬದಲಾಯಿಸಬೇಕಲ್ವಾ ಭಾವ?"

"ನೀನು ಕನ್ನಡಕ ಒರೆಸಮ್ಮ."

ಒರೆಸಿದಳು. ಗಾಜಿನೊಳಗಿಂದ ನೋಡಿದರೆ ಭಾವ ಬೆರಳುದ್ದ ಕಂಡರು. ಅದೊಂದು ಸಮಾಧಾನ.

ಕೊನೆಗೆ ಒಂದು ಮಧ್ಯಾಹ್ನ ಭಾವ ಗೆದ್ದವರ ಹಾಗೆ ಬಂದರು. ಕೈಯಲ್ಲಿ ಡಿಸ್ಕು, ಹಿಂದೆ ಅಕ್ಕ. "ದುಡ್ಡು ಕೊಟ್ಟು ತಗೊಂಡ ಸಾಫ್ಟ್‌ವೇರು. ಏನು ಬೇಕಾದ್ರೂ ಮಾಡುತ್ತೆ. ನೋಡ್ತಾ ಇರಿ."

ಟಿವಿಯ ಮೇಲೆ ಗುಲಾಬಿ ಪಕಳೆಗಳು ಉದುರಿದವು. ಉದುರುತ್ತಲೇ ಇದ್ದವು. ಭಾವ ರಿಮೋಟ್ ಒತ್ತಿ ಮೆನು ದಾಟಿಸಿದ ಮೇಲೆ ಅಪ್ಪ ಬಂದರು. ಮೈಯೆಲ್ಲ ಬಂಗಾರದ ಬಣ್ಣ. ಬಹಳ ನಿಧಾನವಾಗಿ ಕೈ ಎತ್ತಿದರು, ನಿಧಾನವಾಗಿ ಇಳಿಸಿದರು. ಹಿನ್ನೆಲೆಯಲ್ಲಿ ಕೊಳಲು. ಒಂದು ಮಾತಿಲ್ಲ.

ಅಮ್ಮ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. "ಯಾವ ಮಠದವರು ಇವರು?"

"ನೋಡಿದ್ಯಾ, ಕೈ ಮುಗಿದರು!" ಭಾವ ಎದೆಯುಬ್ಬಿಸಿದರು.

ಅವಳಿಗೆ ಅಳು ಒತ್ತರಿಸಿ ಬಂತು. ಅಮ್ಮ ಜೀವಮಾನದಲ್ಲಿ ಅಪ್ಪನಿಗೆ ಕೈ ಮುಗಿದವರಲ್ಲ. "ಇದರಲ್ಲಿ ಅಪ್ಪ ಫ್ಯಾನು ಬಿಚ್ಚಿಕೊಂಡು ಕೂತಿದ್ದರಲ್ಲ, ಅದೆಲ್ಲಿ? ಅಮ್ಮ ಬೈತಾ ಇದ್ದದ್ದೆಲ್ಲಿ?"

"ಫ್ಯಾನನ್ನ ಕತ್ತರಿಸಿದೆ, ನೋಡೋಕೆ ಲಕ್ಷಣವಾಗಿರಲಿಲ್ಲ. ಬೈಗುಳ ಬರೀ ಗದ್ದಲ, ಅದನ್ನ ಸಾಫ್ಟ್‌ವೇರೇ ತೆಗೀತು. ಹೋದವರ ಮೇಲೆ ಗೌರವ ಬೇಡವಾ?"

"ಅದು ಗದ್ದಲ ಅಲ್ಲ ಭಾವ, ನಮ್ಮ ಅಮ್ಮ."

ಭಾವ ಏನೋ ಹೇಳಹೊರಟರು. ಅವಳು ಬಿಡಲಿಲ್ಲ. "ಏನೂ ಮಾಡದೇ ಇರೋ ಸಾಫ್ಟ್‌ವೇರ್ ಯಾವುದಾದ್ರೂ ಇದ್ಯಾ?"

"ಇದೆ" ಎಂದರು ಮುಖ ಕಿವುಚಿ. "ಹೂವಿಲ್ಲ, ಮೆನು ಇಲ್ಲ. ಪ್ಲೇಯರಿಗೆ ತಿಳಿಯೋ ಹಾಗೆ ಫೈಲನ್ನ ಬದಲಾಯಿಸಿ ಡಿಸ್ಕಿಗೆ ಇಳಿಸುತ್ತೆ, ಅಷ್ಟೇ. ತಲೆ ಇರೋರು ಯಾರೂ ಅದನ್ನ ಮುಟ್ಟಲ್ಲ."

"ಅದೇ ಸಾಕು. ಮೊದಲಿನ ಫೈಲು ಕೊಡಿ."

ಭಾವ ಕೆಮ್ಮಿದರು. ಕಿಟಕಿ ನೋಡಿದರು. ಕತ್ತರಿಸಿದ್ದನ್ನು ಹಳೆಯ ಫೈಲಿನ ಮೇಲೇ ಉಳಿಸಿಬಿಟ್ಟಿದ್ದರು; ಮೊಬೈಲಿನಲ್ಲಿದ್ದದ್ದನ್ನು ಜಾಗ ಸಾಲದೆಂದು ಆಗಲೇ ಅಳಿಸಿದ್ದರು.

ಆಗ ಅಕ್ಕ ಕೈಚೀಲ ತೆರೆದು ಒಂದು ಪೆನ್‌ಡ್ರೈವ್ ತೆಗೆದಳು. "ನಿಮ್ಮ ಕೈಗೆ ಕೊಡೋ ಮುಂಚೆ ಒಂದು ಪ್ರತಿ ಇಟ್ಕೊಂಡಿದ್ದೆ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿನಗೆ?"

"ಸಂಸಾರ ಮಾಡಿದ್ದೀನಲ್ಲ, ನಿಮ್ಮ ಜೊತೆ."

ಬಡ ಸಾಫ್ಟ್‌ವೇರು ಬಣ್ಣ ಕೇಳಲಿಲ್ಲ, ಸಂಗೀತ ಕೇಳಲಿಲ್ಲ. ಕೊಟ್ಟದ್ದನ್ನು ತಲೆಬಗ್ಗಿಸಿ ಇಳಿಸಿತು. ಭಾವ ಅಷ್ಟು ಹೊತ್ತೂ ಅದರ ಲಕ್ಷಣವನ್ನು ಹೀಯಾಳಿಸುತ್ತಲೇ ಇದ್ದರು.

ಅವಳು ಡಿಸ್ಕನ್ನು ಪ್ಲೇಯರಿಗೆ ಹಾಕಿ ಮನಸ್ಸಿನಲ್ಲೇ ದೇವರನ್ನು ನೆನೆದಳು. ಅಪ್ಪ ಕಂಡರು. ಬನಿಯನ್ನಿನಲ್ಲಿ, ಹಾಸಿದ ಬೆಡ್‌ಶೀಟಿನ ಮೇಲೆ, ಸುತ್ತ ಫ್ಯಾನಿನ ಮೂಳೆಗಳು. "ಇದರದ್ದೊಂದು ಸ್ಕ್ರೂ ಇಲ್ಲೇ ಇತ್ತಲ್ಲ" ಎಂದು ಗೊಣಗುತ್ತಿದ್ದರು. ತೆರೆಯಾಚೆಯಿಂದ ಅಮ್ಮನ ದನಿ ಸಿಡಿಯಿತು: "ಗಾಳಿ ಬರ್ತಾ ಇದ್ದ ಫ್ಯಾನು ನಿಮಗೇನು ಅನ್ಯಾಯ ಮಾಡಿತ್ತು?"

ಕುರ್ಚಿಯಲ್ಲಿದ್ದ ಅಮ್ಮ ಬೆಚ್ಚಿದರು. ಕತ್ತು ಮುಂದೆ ಚಾಚಿದರು. ನಿಧಾನವಾಗಿ ಮೂಗು ಸೊಟ್ಟಗಾಯಿತು, ತುಟಿ ಕೊಂಕಿತು. ವರ್ಷಗಟ್ಟಲೆ ಒಬ್ಬ ಮನುಷ್ಯನಿಗೆಂದೇ ಮೀಸಲಿಟ್ಟ ತಿರಸ್ಕಾರ ಆ ಮುಖಕ್ಕೆ ದೀಪ ಬಂದಂತೆ ಬಂತು.

"ಮತ್ತೆ ಬಿಚ್ಚಿದ್ರಾ? ಕೈಗೆ ಏನು ಬಂದಿದೆ ನಿಮಗೆ? ತೊಡೆ ಎತ್ತಿ, ಅದರ ಕೆಳಗೇ ಇದೆ ಸ್ಕ್ರೂ!"

ತೆರೆಯ ಮೇಲೆ ಅಪ್ಪ ತೊಡೆ ಎತ್ತಿದರು. ಸ್ಕ್ರೂ ಸಿಕ್ಕಿತು. ಸಿಕ್ಕಿದ್ದಕ್ಕೆ ಅವರು ಹಲ್ಲುಬಿಟ್ಟರು.

"ನಗು ಬೇರೆ ಕೇಡು" ಎಂದರು ಅಮ್ಮ, ಕಣ್ಣು ತುಂಬಿಕೊಂಡು.

ಭಾವ ಟಿವಿಯ ಹತ್ತಿರ ಬಗ್ಗಿದರು. "ಚಿತ್ರ ಸ್ವಲ್ಪ ಮಸುಕು. ನಾನು ಬೇಕಿದ್ರೆ—"

ಅಮ್ಮ ತೆರೆಯಿಂದ ಕಣ್ಣು ಕೀಳಲಿಲ್ಲ. ಪಕ್ಕದಲ್ಲಿದ್ದ ಕಿರಿಮಗಳ ಕೈ ಹಿಡಿದೆಳೆದರು.

"ಯಾರೇ ಅದು ಅಡ್ಡ ನಿಂತಿರೋದು? ಆಚೆ ಹೋಗೋಕೆ ಹೇಳು. ನಾನಿಲ್ಲಿ ನಿಮ್ಮಪ್ಪನ ಹತ್ರ ಮಾತಾಡ್ತಾ ಇದ್ದೀನಿ."